ಕೂಗುವ ನಾಯಿ, ಕೂಗದ ನಾಯಿ

ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಹೈದರಾಬಾದಿನಿಂದ ಬೀಗಲ್ ಮರಿಯೊಂದನ್ನು ತಂದಾಗ, ಅದು ಬೇಟೆನಾಯಿಯ ಜಾತಿ ಎಂದರೆ ಭಾಲ್ಕಿಯಲ್ಲಿ ಯಾರೂ ನಂಬಲಿಲ್ಲ. ಗಿಡ್ಡ ಕಾಲು, ಕೆನ್ನೆಯ ಮೇಲೆ ಜೋತುಬಿದ್ದ ಕಿವಿ, ಬಿಳಿ-ಕಂದು-ಕಪ್ಪು ಮೂರು ಬಣ್ಣದ ಮೈ, ಈಗತಾನೇ ಯಾರೋ ಬೈದು ಹೋದಂಥ ಕಣ್ಣು. ಅಣ್ಣನ ಬೀಜ-ಗೊಬ್ಬರದ ಅಂಗಡಿಗೆ ಬರುವ ರೈತರು ಅದನ್ನು ನೋಡಿ, "ಸಾವಕಾರ್ರ, ಇದು ಬೇಟಿ ಆಡ್ತದೋ, ಬೆಕ್ಕೇ ಇದರ ಬೇಟಿ ಆಡ್ತದೋ?" ಎಂದು ನಗುತ್ತಿದ್ದರು.

ಅಣ್ಣ-ವೈನಿಗೆ ಮಕ್ಕಳಿರಲಿಲ್ಲ. ಆ ಮಾತನ್ನೂ ನಾಯಿಯನ್ನೂ ಒಂದಕ್ಕೊಂದು ಗಂಟು ಹಾಕಿ ಆಡಿಕೊಳ್ಳುವವರು ಓಣಿಯಲ್ಲಿ ಇದ್ದೇ ಇದ್ದರು. ವೈನಿ ಮಾತ್ರ, "ನನಗ ನಾಯಿ ಬೇಕಾಗಿತ್ತು, ತಂದೇನಿ. ಇದರಾಗ ಏನದ ಕತಿ?" ಎಂದು ಅವರ ಬಾಯಿ ಮುಚ್ಚಿಸುತ್ತಿದ್ದರು.

ನಾನು ಬೀದರದಲ್ಲಿ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಒಬ್ಬಳೇ ಇರುವುದರಿಂದ ರವಿವಾರ ಬಂದರೆ ಭಾಲ್ಕಿಯ ಬಸ್ಸು ಹತ್ತುವುದು ರೂಢಿಯಾಗಿತ್ತು. ವೈನಿ ಆ ನಾಯಿಯ ಜೊತೆ ಆಡುತ್ತಿದ್ದ ಒಂದು ಆಟ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಬೆಲ್ಲದ ಚೂರೊಂದನ್ನು ಅಂಗಳದ ಕಟ್ಟಿಗೆ ರಾಶಿಯಲ್ಲೋ, ಗೋದಾಮಿನ ಚೀಲಗಳ ನಡುವೆಯೋ ಅಡಗಿಸಿಟ್ಟು ನಾಯಿಯನ್ನು ಬಿಡುತ್ತಿದ್ದರು. ಅದು ಬೆಲ್ಲದ ವಾಸನೆ ಹಿಡಿಯುವ ಬದಲು ವೈನಿ ನಡೆದ ದಾರಿಯನ್ನೇ ಹಿಡಿಯುತ್ತಿತ್ತು. ಅವರು ನಮ್ಮನ್ನು ಏಮಾರಿಸಲು ಸುಳ್ಳೇ ಬಾವಿಯ ಕಡೆ ಹೋಗಿ ಬಂದಿದ್ದರೆ ಅದೂ ಬಾವಿಯ ಕಡೆ ಹೋಗಿ ಬಂದು, ಆಮೇಲೆ ಕಟ್ಟಿಗೆ ರಾಶಿಗೆ ಹೋಗುತ್ತಿತ್ತು. ಅಡ್ಡದಾರಿ ಎನ್ನುವುದೇ ಅದಕ್ಕೆ ತಿಳಿಯದು. ಮೂಗು ನೆಲಕ್ಕೆ ಹತ್ತಿತೆಂದರೆ ಕಿವಿ ಕೆಲಸ ಬಿಟ್ಟಂತೆ. ಹೆಸರು ಹಿಡಿದು ಕೂಗಿದರೂ, ರೊಟ್ಟಿ ತೋರಿಸಿದರೂ ತಲೆ ಎತ್ತುತ್ತಿರಲಿಲ್ಲ. ಬಾಲದ ತುದಿಯ ಬಿಳಿ ಕೂದಲು ಮಾತ್ರ ನೆಟ್ಟಗೆ ನಿಂತು ಅಲ್ಲಾಡುತ್ತಿತ್ತು. ಸಿಕ್ಕ ಮೇಲೆ ಉದ್ದಕ್ಕೆ ಕೊರಳೆತ್ತಿ ಒಂದು ಕೂಗು. ಬೊಗಳುವುದಲ್ಲ, ಅಳುವುದೂ ಅಲ್ಲ. ಯಾರನ್ನೋ ದೂರದಿಂದ ಕರೆಯುವಂಥ ದನಿ.

ವೈನಿಗೆ ಹೊಟ್ಟೆಯಲ್ಲಿ ಗಂಟು ಇದೆ ಎಂದು ತಿಳಿಯುವಷ್ಟರಲ್ಲಿ ಅದು ಬೆಳೆದು ನಿಂತಿತ್ತು. ಒಂದು ಬೆಳಿಗ್ಗೆ ಆಂಬುಲೆನ್ಸ್ ಓಣಿಯೊಳಗೆ ಬರಲಾಗದೆ ತಿರುವಿನಲ್ಲಿ, ವಿದ್ಯುತ್ ಕಂಬದ ಹತ್ತಿರ ನಿಂತಿತು. ಅವರು ಅಲ್ಲಿಯವರೆಗೆ ನಡೆದೇ ಹೋದರು. ಬೀದರದ ಆಸ್ಪತ್ರೆಯಿಂದ ಮತ್ತೆ ಆ ಮನೆಗೆ ಬರಲಿಲ್ಲ. ಸಂತಪುರದ ನಮ್ಮ ಹೊಲದಲ್ಲೇ ಮಣ್ಣು ಮಾಡಿದೆವು.

ಆಮೇಲೆ ಆ ನಾಯಿ ಮಾಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಬೆಳಗಾದರೆ ವೈನಿಯ ಮಂಚದಿಂದ ಶುರು ಮಾಡುತ್ತಿತ್ತು. ಮಂಚ, ಅಡುಗೆಮನೆ, ಹೊಸ್ತಿಲು, ಅಂಗಳ, ಓಣಿ. ಮೂಗು ನೆಲದಿಂದ ಎತ್ತದೆ ಸೀದಾ ಆ ಕಂಬದವರೆಗೆ. ಅಲ್ಲಿಗೆ ದಾರಿ ಮುಗಿಯುತ್ತಿತ್ತು. ಕಂಬದ ಸುತ್ತ ಸುತ್ತು ಹಾಕುತ್ತಿತ್ತು, ಸುತ್ತನ್ನು ದೊಡ್ಡದು ಮಾಡುತ್ತಿತ್ತು, ಮತ್ತೆ ಕಂಬಕ್ಕೇ ಬರುತ್ತಿತ್ತು. ಮನುಷ್ಯಳೊಬ್ಬಳು ಅಲ್ಲಿಯವರೆಗೆ ನಡೆದು ಬಂದು ನೆಲ ಬಿಟ್ಟು ಹೋದಳು ಎನ್ನುವುದನ್ನು ಅದರ ಮೂಗಿಗೆ ಯಾರು ತಿಳಿಸಬೇಕು? ಅಣ್ಣ ಒಂದಷ್ಟು ದಿನ ಹಿಂದೆ ಹೋಗಿ ಎತ್ತಿಕೊಂಡು ಬಂದ. ಆಮೇಲೆ ಬಾಗಿಲು ಮುಚ್ಚಿಕೊಂಡು ಒಳಗೇ ಇರತೊಡಗಿದ. ಅಂಗಡಿ ತೆಗೆಯುವುದು ಕಡಿಮೆಯಾಯಿತು. ಫೋನು ಮಾಡಿದರೆ "ಹೂಂ", "ಉಂಡೇನಿ", "ನೋಡೂನು" — ಈ ಮೂರು ಮಾತಿನಲ್ಲಿ ಮುಗಿಸುತ್ತಿದ್ದ.

ಏರ್‌ಡೇಲ್ ಎಂಬ ಜಾತಿಯ ಇನ್ನೊಂದು ನಾಯಿ ಬಂದದ್ದು ಆ ಹೊತ್ತಿನಲ್ಲಿ, ನನ್ನ ಮೂಲಕ.

ಬೀದರದಲ್ಲಿ ನಮ್ಮ ಓಣಿಯ ಕೊನೆಯ ಮನೆಯಲ್ಲಿ ಉತ್ತರದ ಕಡೆಯ ಒಬ್ಬ ಸೇನಾಧಿಕಾರಿ ಬಾಡಿಗೆಗೆ ಇದ್ದರು. ಅವರ ನಾಯಿಯನ್ನು ನೋಡಿದ ಮಕ್ಕಳು ಕರಡಿಮರಿ ಎನ್ನುತ್ತಿದ್ದರು. ತೊಡೆಯೆತ್ತರ ನಿಲುವು, ತೆಂಗಿನ ನಾರಿನಂಥ ಒರಟು ಕೂದಲು, ಬೆನ್ನ ಮೇಲೆ ಕರಿ ಕಂಬಳಿ ಹಾಸಿದಂಥ ಬಣ್ಣ, ಕಾಲು-ಮುಖವೆಲ್ಲ ಕೆಂಚು, ಚೌಕ ಮೂತಿಯ ಕೆಳಗೆ ಗಡ್ಡ. ನೀರು ಕುಡಿದು ಬಂದರೆ ಆ ಗಡ್ಡದಿಂದ ಮನೆಯ ತುಂಬ ಹನಿ ಬೀಳುತ್ತಿತ್ತು. ಅವರಿಗೆ ಗಡಿಯ ಕಡೆ, ಸಂಸಾರವನ್ನು ಕರೆದೊಯ್ಯಲಾಗದ ಜಾಗಕ್ಕೆ ವರ್ಗವಾಯಿತು. ನಾಯಿಗೆ ಒಂದು ಮನೆ ಬೇಕೆಂದು ಬಾಗಿಲು ಬಾಗಿಲಿಗೆ ಕೇಳುತ್ತಿದ್ದರು.

ಅವರು ಆ ಜಾತಿಯ ಬಗ್ಗೆ ಹಿಂದಿಯಲ್ಲಿ ಹೇಳಿದ್ದು ನನಗೆ ನೆನಪಿದೆ. ಇಂಗ್ಲೆಂಡಿನ ಒಂದು ನದಿ ಕಣಿವೆಯಲ್ಲಿ, ಗಿರಣಿ ಕೆಲಸದವರು ನೀರುನಾಯಿ ಬೇಟೆಯ ನಾಯಿಗೂ ಇಲಿ ಹಿಡಿಯುವ ಟೆರಿಯರಿಗೂ ಸಂಕರ ಮಾಡಿ ಬೆಳೆಸಿದ ತಳಿಯಂತೆ. ಟೆರಿಯರುಗಳಲ್ಲೆಲ್ಲ ಇದೇ ದೊಡ್ಡದು. ನೀರಿಗೆ ಹೆದರುವುದಿಲ್ಲ, ಬಿಲಕ್ಕೆ ಹೆದರುವುದಿಲ್ಲ. ಯುದ್ಧದಲ್ಲಿ ಕೊರಳಿಗೆ ಸುದ್ದಿ ಕಟ್ಟಿ ಬಿಟ್ಟರೆ ಗುಂಡಿನ ನಡುವೆಯೂ ತಲುಪಿಸುತ್ತಿತ್ತಂತೆ. "ಹೇಳಿದ್ದನ್ನು ಕೇಳುತ್ತದೆ. ಆದರೆ ಮೊದಲು ಯೋಚನೆ ಮಾಡುತ್ತದೆ" ಎಂದರು. ಕೊನೆಗೆ ಒಂದು ಬಾಚಣಿಗೆಯನ್ನೂ ಹಲ್ಲುಹಲ್ಲಿನ ಒಂದು ಮೊಂಡು ಚಾಕುವನ್ನೂ ಕೊಟ್ಟು, ಈ ಕೂದಲನ್ನು ಕತ್ತರಿಸಬಾರದು, ಸತ್ತ ಕೂದಲನ್ನು ಕೈಯಿಂದ ಕಿತ್ತು ತೆಗೆಯಬೇಕು, ಇಲ್ಲದಿದ್ದರೆ ಮೈ ಬೇಯುತ್ತದೆ ಎಂದು ಮಾಡಿ ತೋರಿಸಿದರು. ಬೇರೆ ಮನೆ ಸಿಗುವವರೆಗೆ ನಾನೇ ಅದನ್ನು ಇಟ್ಟುಕೊಂಡೆ.

ಒಂದು ದಿನ ಅಣ್ಣ ಬ್ಯಾಂಕಿನ ಕೆಲಸಕ್ಕೆ ಬೀದರಕ್ಕೆ ಬಂದವನು ನನ್ನ ಮನೆಯಲ್ಲಿ ಕುಳಿತಿದ್ದ. ಏರ್‌ಡೇಲ್ ಅವನ ಎದುರಿಗೆ ಬಂದು ನಿಂತು, ಒದ್ದೆ ಗಡ್ಡವನ್ನು ಅವನ ಮೊಣಕಾಲ ಮೇಲೆ ಇಟ್ಟಿತು. ಬಾಲ ಆಡಿಸಲಿಲ್ಲ, ನೆಕ್ಕಲಿಲ್ಲ.

"ಇದು ಯಾಕ ಹಿಂಗ ನೋಡ್ಲತ್ತದ?" ಎಂದ ಅಣ್ಣ.

"ಅದಕ್ಕ ಮನಿ ಇಲ್ಲ ಅಣ್ಣಾ. ಯಾರರ ಬೇಕಾಗ್ಯಾರ."

ಅವನು ಪ್ಯಾಂಟು ಒದ್ದೆಯಾದರೂ ಕಾಲು ತೆಗೆಯಲಿಲ್ಲ. "ಗಾಡ್ಯಾಗ ಏರ್ತದೇನು ನೋಡೂನು" ಎಂದು ಎದ್ದ. ಗೊಬ್ಬರ ಸಾಗಿಸುವ ಅವನ ಪಿಕಪ್ ಗಾಡಿಯ ಬಾಗಿಲು ತೆಗೆದದ್ದೇ ತಡ, ಏರ್‌ಡೇಲ್ ಹತ್ತಿ ಮುಂದಿನ ಸೀಟಿನಲ್ಲೇ ಕುಳಿತಿತು.

ಆಮೇಲಿನ ಒಂದು ವರ್ಷ ಅಣ್ಣನಿಗೆ ಸಿಕ್ಕ ಒಳ್ಳೆಯ ಕಾಲ. ಅವನಿಗೆ ಮತ್ತೆ ಅಂಥದ್ದು ಸಿಗಲಿಲ್ಲ.

ಸಂತಪುರದ ಹೊಲವನ್ನು ನೋಡಿಕೊಳ್ಳುತ್ತಿದ್ದವರು ನಮ್ಮ ಕಾಕಾ-ಕಾಕಿ. ಕಾಕಾ ಕೊರಳಲ್ಲಿ ಲಿಂಗ ಕಟ್ಟಿದವರು, ಪೂಜೆಯಾಗದೆ ನೀರು ಮುಟ್ಟದವರು. ಹೊಲದ ಗೊಬ್ಬರಕ್ಕೆಂದು ಒಂದಿಷ್ಟು ಕುರಿ ಸಾಕಿದ್ದರು. ಹಳ್ಳದ ಕಡೆಯಿಂದ ಕಾಡುಹಂದಿಗಳು ಬಂದು ಜೋಳ, ಶೇಂಗಾ ಎಲ್ಲ ಹಾಳು ಮಾಡುತ್ತಿದ್ದವು. ನಾಯಿಗಳನ್ನು ಹೊಲಕ್ಕೆ ಕರೆತಾ ಎಂದು ಹೇಳಿದವರೂ ಅವರೇ. ಅಣ್ಣ ರವಿವಾರಗಳಂದು ಎರಡನ್ನೂ ಗಾಡಿಯಲ್ಲಿ ಹಾಕಿಕೊಂಡು ಬೀದರಕ್ಕೆ ಬಂದು, ನನ್ನನ್ನೂ ಹತ್ತಿಸಿಕೊಂಡು ಸಂತಪುರಕ್ಕೆ ಹೋಗತೊಡಗಿದ.

ಮೊದಲ ಸಲ ಹೋದಾಗ ನಮ್ಮೆಲ್ಲರ ಮನಸ್ಸಿನಲ್ಲಿ ಒಂದೇ ವಿಚಾರ ಇತ್ತು. ವೈನಿಯ ಸಮಾಧಿ ಹೊಲದ ಮೂಲೆಯಲ್ಲೇ ಇದೆಯಲ್ಲ, ಬೀಗಲ್ ಅಲ್ಲಿಗೆ ಹೋಗಿ ನಿಲ್ಲುತ್ತದೆ, ಏನೋ ಗುರುತು ಹಿಡಿಯುತ್ತದೆ ಎಂದು. ಕಾಕಿ ಆಗಲೇ ಸೆರಗು ಕಣ್ಣಿಗೆ ಹಚ್ಚಿದ್ದರು. ಬೀಗಲ್ ಗಾಡಿಯಿಂದ ಇಳಿಯಿತು, ಮೂಗು ನೆಲಕ್ಕೆ ಹಚ್ಚಿತು, ಸಮಾಧಿಯ ಪಕ್ಕದಿಂದಲೇ ಹಾದು ಹೋಯಿತು. ನಿಲ್ಲಲಿಲ್ಲ. ಮೊಲವೊಂದು ಹೋದ ಜಾಡು ಸಿಕ್ಕಿರಬೇಕು, ಕೊರಳೆತ್ತಿ ಕೂಗುತ್ತ ತೊಗರಿ ಸಾಲಿನೊಳಗೆ ನುಗ್ಗಿತು. ನಾನು ಅಣ್ಣನ ಮುಖ ನೋಡಲಿಲ್ಲ. ಅವನೇ, "ಹೋಗ್ಲಿ ಬಿಡು. ಅದಕರ ಮರ್ತ್ಹೋಯ್ತಲ್ಲ" ಎಂದ.

ಆ ಬೆಳಿಗ್ಗೆಯೇ ನಾವು ಆ ಎರಡು ನಾಯಿಗಳ ಬೇಟೆಯ ರೀತಿಯನ್ನು ಮೊದಲು ನೋಡಿದ್ದು. ಬೀಗಲ್ ಓಟದಲ್ಲಿ ಮೊಲಕ್ಕೆ ಯಾವ ಕಾಲಕ್ಕೂ ಸಮನಲ್ಲ. ಅದಕ್ಕೆ ಆ ಅವಸರವೂ ಇರಲಿಲ್ಲ. ಮೊಲ ಕಣ್ಣಿಗೆ ಕಾಣದಷ್ಟು ದೂರ ಹೋದರೂ ಇದು ಅದರ ಹೆಜ್ಜೆಯ ಮೇಲೇ ಕೂಗುತ್ತ, ಒಂದೇ ಸಮನೆ ಹೋಗುತ್ತಿತ್ತು. ಮೊಲ ತನ್ನ ಸೀಮೆ ಬಿಟ್ಟು ಹೋಗುವ ಪ್ರಾಣಿಯಲ್ಲ. ದೊಡ್ಡ ಸುತ್ತು ಹಾಕಿ ಹೊರಟ ಜಾಗಕ್ಕೇ ತಿರುಗಿ ಬರುತ್ತದೆ. ಕೂಗು ಹಳ್ಳದ ಕಡೆ ಹೋಯಿತು, ಬಳಿಕ ಎಡಕ್ಕೆ ಹೊರಳಿತು, ಬಳಿಕ ನಮ್ಮ ಬೆನ್ನ ಹಿಂದೆ ಕೇಳಿಸಿತು. ಏರ್‌ಡೇಲ್ ಅಷ್ಟು ಹೊತ್ತೂ ಕದಲದೆ ನಿಂತು ಕಿವಿ ಕೊಟ್ಟು ಕೇಳುತ್ತಿತ್ತು. ಆಮೇಲೆ ಯಾರೂ ಹೇಳದೆ ತಾನೇ ಹೋಗಿ, ಬದುವಿನ ಕೆಳಗೆ ಜಾಲಿ ಗಿಡದ ನೆರಳಲ್ಲಿ ಮಲಗಿತು. ಮೊಲ ಬಂದದ್ದು ಆ ದಾರಿಯಲ್ಲೇ. ಒಂದು ಸದ್ದಿಲ್ಲ, ಒಂದು ಬೊಗಳಿಕೆ ಇಲ್ಲ. ಎದ್ದದ್ದು, ಹಿಡಿದದ್ದು, ಒಂದು ಸಲ ಕೊಡವಿದ್ದು, ಅಷ್ಟೇ. ಬೀಗಲ್ ಕೂಗುತ್ತ ಬಂದು ತಲುಪಿದಾಗ ಮೊಲ ನೆಲದ ಮೇಲಿತ್ತು. ಅದು ಮೊಲವನ್ನು ಮೂಸಿ ನೋಡಿ, ಬಾಲ ಅಲ್ಲಾಡಿಸಿ, ಬೇರೆ ಜಾಡು ಹುಡುಕಲು ಹೊರಟೇ ಹೋಯಿತು. ಬೀಗಲ್ಲಿಗೆ ಬೇಕಾದದ್ದು ಹುಡುಕುವುದು; ಸಿಕ್ಕದ್ದನ್ನು ಏನು ಮಾಡಬೇಕೆಂಬುದು ಅದಕ್ಕೆ ಗೊತ್ತೇ ಇರಲಿಲ್ಲ. ಏರ್‌ಡೇಲಿಗೆ ಅದೊಂದೇ ಗೊತ್ತಿತ್ತು.

ಕಾಕಾ ಬೀಗಲ್ಲಿಗೆ "ಭಜನಿ" ಎಂದೂ ಏರ್‌ಡೇಲಿಗೆ "ಗಡ್ಡದಾಂವ" ಎಂದೂ ಹೆಸರಿಟ್ಟರು. ಮೊಲದ ವಿಷಯ ಮಾತ್ರ ಅವರಿಗೆ ಸೇರಲಿಲ್ಲ.

"ಹಂದಿ ಓಡಸ್ಲಿ, ಬ್ಯಾಡ ಅನ್ನಲ್ಲ. ಮೊಲ ಪಾಪ ನಮ್ಮುದೇನು ತಿಂದದಪಾ?" ಎಂದರು.

ಕಾನೂನಿನಲ್ಲೂ ಅದು ತಪ್ಪು ಎಂದು ನಾನೂ ಹೇಳಿದೆ. ಅಣ್ಣ ನಕ್ಕ. ವೈನಿ ಹೋದ ಮೇಲೆ ಅವನು ನಕ್ಕದ್ದನ್ನು ನಾನು ಅಂದೇ ನೋಡಿದ್ದು. "ನಾ ಎಲ್ಲಿ ಹಿಡಿಲತ್ತೇನಿ? ನಾಯಿಗಿ ಕಾನೂನು ನೀನೇ ಓದಿ ಹೇಳು" ಎಂದ. ಆ ನಗುವನ್ನು ಕಂಡ ಮೇಲೆ ಕಾಕಾ ಮುಂದೆ ಮಾತಾಡಲಿಲ್ಲ.

ಹಂದಿಗಳಿದ್ದರೆ ಬೀಗಲ್ಲಿನ ಕೂಗೇ ಬೇರೆ ಇತ್ತು. ದನಿ ತುಂಡು ತುಂಡಾಗಿ, ಮೇಲಿನ ಸ್ಥಾಯಿಯಲ್ಲಿ ಬರುತ್ತಿತ್ತು; ಪೊದೆಯಿಂದ ದೂರ ನಿಂತು ಕೂಗುತ್ತಿತ್ತೇ ಹೊರತು ಒಳಗೆ ಕಾಲಿಡುತ್ತಿರಲಿಲ್ಲ. ಏರ್‌ಡೇಲ್ ಆ ದನಿ ಕೇಳಿ ಬಂದು, ಒಂದು ಕ್ಷಣ ನಿಂತು, ತಲೆ ತಗ್ಗಿಸಿ ಒಳಗೆ ಹೋಗುತ್ತಿತ್ತು. ಒಮ್ಮೆ ದೊಡ್ಡ ಗಂಡು ಹಂದಿಯೊಂದು ಅದರ ಭುಜವನ್ನು ಸೀಳಿತು. ಔರಾದಿನ ಪಶು ಆಸ್ಪತ್ರೆಯಲ್ಲಿ ಹೊಲಿಗೆ ಹಾಕುವಾಗಲೂ ಅದು ದನಿ ತೆಗೆಯಲಿಲ್ಲ, ಡಾಕ್ಟರ ಕೈಯನ್ನೇ ನೋಡುತ್ತ ನಿಂತಿತ್ತು. ಅಣ್ಣ ಮಾತ್ರ ಹೊರಗೆ ಬಂದು ಗಾಡಿಯ ಚಕ್ರಕ್ಕೆ ಒರಗಿ ವಾಂತಿ ಮಾಡಿಕೊಂಡ. ಆ ವರ್ಷ ನಮ್ಮ ಜೋಳ ಉಳಿಯಿತು. ಕಾಕಿ ಗಡ್ಡದಾಂವನಿಗೆಂದು ದಪ್ಪ ರೊಟ್ಟಿ ಬೇರೆ ಬಡಿಯುತ್ತಿದ್ದರು.

ಅಣ್ಣ ಮತ್ತೆ ಅಂಗಡಿಯ ಬಾಗಿಲು ಹೊತ್ತಿಗೆ ಸರಿಯಾಗಿ ತೆಗೆಯತೊಡಗಿದ. ಫೋನಿನಲ್ಲಿ ತಾನೇ ಮಾತು ತೆಗೆಯುತ್ತಿದ್ದ. ಮಾತೆಲ್ಲ ನಾಯಿಗಳದ್ದೇ. ಬೀಗಲ್ ಇಂಥ ಬದುವಿನಲ್ಲಿ ಜಾಡು ತಪ್ಪಿ ಮತ್ತೆ ಹೇಗೆ ಹಿಡಿಯಿತು, ಏರ್‌ಡೇಲ್ ಎಲ್ಲಿ ಕಾದಿತ್ತು. ಕೇಳಿ ಕೇಳಿ ನನಗೆ ಒಮ್ಮೊಮ್ಮೆ ಹೆದರಿಕೆಯಾಗುತ್ತಿತ್ತು. ರವಿವಾರದ ಆ ಬೆಳಗಿನ ಹೊತ್ತೊಂದನ್ನು ಹಿಡಿದುಕೊಂಡು ಅವನು ವಾರವನ್ನೆಲ್ಲ ದಾಟುತ್ತಿದ್ದ.

ಸಂತಪುರದಿಂದ ಔರಾದಿನ ಕಡೆ, ನಮ್ಮ ಹೊಲದ ಆಚೆಗೆ ಗಾಯರಾಣ ಇದೆ. ಊರ ದನ ಮೇಯುವ ಬಯಲು. ಮಳೆ ಬಿದ್ದರೆ ಮೊಣಕಾಲೆತ್ತರ ಹುಲ್ಲು. ಅಲ್ಲಿ ಜಿಂಕೆಗಳ ಹಿಂಡು ಇರುತ್ತದೆ. ನಮ್ಮ ಕಡೆ ಅವು ಹೊಸತೇನಲ್ಲ, ಬಸ್ಸಿನ ಕಿಟಕಿಯಿಂದಲೇ ಕಾಣುತ್ತವೆ. ಕರಿಯ ಗಂಡು, ಕೆಂಚು ಹೆಣ್ಣು. ಅಣ್ಣ ನಾಯಿಗಳನ್ನು ಆ ಕಡೆ ಬಿಡುತ್ತಿರಲಿಲ್ಲ. ಬಿಡಬಾರದು ಎಂದು ಕಾಕಾ ಕಟ್ಟುನಿಟ್ಟಾಗಿ ಹೇಳಿದ್ದರು.

ಉದ್ದು-ಹೆಸರಿನ ರಾಶಿ ಮುಗಿದ ಹೊತ್ತು. ಬೆಳಿಗ್ಗೆ ಸಣ್ಣ ಮಳೆ ಬಂದು ನಿಂತು ನೆಲ ಹಸಿಯಾಗಿತ್ತು. ವಾಸನೆ ನಿಲ್ಲುವುದಕ್ಕೆ ಅದಕ್ಕಿಂತ ಒಳ್ಳೆಯ ನೆಲ ಇಲ್ಲ. ನಾನು ಗುಡಿಸಲಿನ ಮುಂದೆ ಕಾಕಿಯ ಜೊತೆ ಪುಂಡಿಪಲ್ಯ ಸೋಸುತ್ತ ಕುಳಿತಿದ್ದೆ. ಅಣ್ಣ, ಕಾಕಾ, ನಾಯಿಗಳು ಬದುವಿನ ಆಚೆ ಹೋಗಿದ್ದರು. ಬೀಗಲ್ಲಿನ ಕೂಗು ಶುರುವಾಯಿತು. ಹಳ್ಳದ ಕಡೆ ಹೋಗುವ ಬದಲು ಅದು ಗಾಯರಾಣದ ಕಡೆ ಹೊರಳಿತು. ಆಮೇಲೆ ಒಂದೇ ಜಾಗದಲ್ಲಿ ನಿಂತುಬಿಟ್ಟಿತು.

"ಅದೇನು, ನಿಂತ ಜಾಗದಾಗೇ ಕೂಗ್ಲತ್ತದಲ್ಲವ್ವಾ" ಎಂದರು ಕಾಕಿ.

ನಾನು ಎದ್ದು ಬದು ಹತ್ತಿದೆ. ದೂರದಲ್ಲಿ ಹೆಣ್ಣು ಜಿಂಕೆಯೊಂದು ಬಯಲಿನ ನಡುವೆ ಓಡುತ್ತಿತ್ತು. ಓಡಿ, ನಿಂತು, ಹಿಂದೆ ನೋಡಿ, ಮತ್ತೆ ಓಡಿ. ಎಳೆಯ ಮರಿಯನ್ನು ಹುಲ್ಲಿನಲ್ಲಿ ಅಡಗಿಸಿಟ್ಟ ತಾಯಿ ಹಾಗೆ ಮಾಡುತ್ತದೆ, ಬೇಟೆಗಾರ ಪ್ರಾಣಿ ತನ್ನ ಹಿಂದೆ ಬರಲಿ ಎಂದು. ಇದನ್ನು ನಾನು ಕ್ಲಾಸಿನಲ್ಲಿ ಎಷ್ಟೋ ಸಲ ಪಾಠ ಮಾಡಿದ್ದೇನೆ. ಕಣ್ಣಿನಿಂದ ಬೇಟೆಯಾಡುವ ಪ್ರಾಣಿ ಅದಕ್ಕೆ ಮೋಸ ಹೋಗುತ್ತದೆ. ಬೀಗಲ್ ಕಣ್ಣಿನಿಂದ ಬೇಟೆಯಾಡುವ ನಾಯಿಯಲ್ಲ. ಅದು ಓಡುವ ತಾಯಿಯ ಕಡೆ ತಿರುಗಿಯೂ ನೋಡದೆ, ಹುಲ್ಲಿನೊಳಗೆ ಒಂದು ಕಡೆ ಮುಖ ಮಾಡಿ, ಬಾಲ ಅಲ್ಲಾಡಿಸುತ್ತ ಕೂಗುತ್ತಿತ್ತು. ಬೆಲ್ಲದ ಚೂರು ಸಿಕ್ಕಾಗ ಕೂಗುತ್ತಿದ್ದಂತೆಯೇ.

ಬದುವಿನ ಬದಿಯಿಂದ ಏರ್‌ಡೇಲ್ ಹೊರಟಿತ್ತು. ಓಡುತ್ತಿರಲಿಲ್ಲ. ದೊಡ್ಡ ದೊಡ್ಡ ಹೆಜ್ಜೆ ಹಾಕಿಕೊಂಡು, ಕೆಲಸಕ್ಕೆ ಹೋಗುವವರ ಹಾಗೆ ಹೋಗುತ್ತಿತ್ತು. ನಾನು ಕೂಗಿದೆ. ಗಾಳಿ ಎದುರಿಗಿತ್ತು, ನನ್ನ ದನಿ ನನಗೇ ತಿರುಗಿ ಬಂತು. ಕಾಕಾ ಪಂಚೆ ಎತ್ತಿ ಕಟ್ಟಿ ಓಡುತ್ತಿದ್ದರು. ಅಣ್ಣ ಅವರಿಗಿಂತ ಮುಂದೆ, ಬಹಳ ಮುಂದೆ ಇದ್ದ.

ನಾನು ಅಲ್ಲಿ ಮುಟ್ಟಿದಾಗ ಎಲ್ಲ ಮುಗಿದಿತ್ತು. ಮರಿ ಹುಟ್ಟಿ ಹೆಚ್ಚು ದಿನ ಆಗಿರಲಿಲ್ಲ. ಮೈ ಮೇಲೆ ಒಂದು ಗಾಯ ಕಾಣುತ್ತಿರಲಿಲ್ಲ, ಕುತ್ತಿಗೆ ಮಾತ್ರ ಸರಿಯಿರಲಿಲ್ಲ. ಏರ್‌ಡೇಲ್ ಅದನ್ನು ಬಿಟ್ಟು ಪಕ್ಕದಲ್ಲಿ ಕುಳಿತು, ಅಣ್ಣನ ಮುಖ ನೋಡುತ್ತಿತ್ತು. ಬೀಗಲ್ ಬಾಲ ಆಡಿಸುತ್ತ ನಮ್ಮೆಲ್ಲರ ಕಾಲು ಮೂಸಿತು. ತಾಯಿ ದೂರದಲ್ಲಿ ನಿಂತಿತ್ತು. ಈಗ ಓಡುತ್ತಿರಲಿಲ್ಲ.

ಕಾಕಾ ಮೇಲುಸಿರು ಬಿಡುತ್ತ ಬಂದು ನೋಡಿದರು. ಕೊರಳಿನ ಲಿಂಗದ ಮೇಲೆ ಕೈಯಿಟ್ಟುಕೊಂಡು ಕೆಳಗೆ ಕುಳಿತುಬಿಟ್ಟರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ.

"ಅದಕ್ಕ ಕರೀಬೇಕಿತ್ತಲ್ಲಪ್ಪಾ?" ಎಂದರು, ಅಷ್ಟೇ.

"ಕರ್ದೆ ಕಾಕಾ. ಕೇಳಲಿಲ್ಲ" ಎಂದ ಅಣ್ಣ.

ಮುಚ್ಚಿಡುವ ಮಾತು ಯಾರೂ ಆಡಲಿಲ್ಲ. ಅಣ್ಣನೇ ಅರಣ್ಯ ಇಲಾಖೆಗೆ ಫೋನು ಮಾಡಿದ. ಮಧ್ಯಾಹ್ನದ ಹೊತ್ತಿಗೆ ಇಬ್ಬರು ಬಂದು ನೋಡಿ, ಬರೆದುಕೊಂಡು, ಮರಿಯನ್ನು ಗೋಣಿತಾಟಿನಲ್ಲಿ ಸುತ್ತಿ ಒಯ್ದರು. ಆಮೇಲೆ ಅಣ್ಣನನ್ನು ಬೀದರಕ್ಕೆ ಕರೆಸಿ ಕೇಳಿದರು, ಮತ್ತೆ ಕರೆಸಿದರು. ಬೇಟೆಗೆಂದು ಬಿಟ್ಟದ್ದಲ್ಲ, ಕರೆದರೂ ಕೇಳದೆ ಹೋದದ್ದು ಎಂದು ಕೊನೆಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಇನ್ನು ಮುಂದೆ ಕಟ್ಟಿ ಸಾಕಬೇಕು, ಬಯಲಿಗೆ ತರಬಾರದು ಎಂದರು. ಅವರು ನ್ಯಾಯವಾಗಿಯೇ ಹೇಳಿದರು. ಅದರಲ್ಲಿ ನನಗೆ ಸಂಶಯವಿಲ್ಲ.

ಅಣ್ಣ ಬೀಗಲ್ಲನ್ನು ತಂದು ನನ್ನ ಮನೆಯಲ್ಲಿ ಬಿಟ್ಟ. "ಎರಡೂ ಕೂಡಿ ಇರೂದು ಬ್ಯಾಡ" ಎಂದ. ಏರ್‌ಡೇಲನ್ನು ಭಾಲ್ಕಿಯಲ್ಲಿ ಅಂಗಡಿಯ ಹಿಂದಿನ ಗೋದಾಮಿನ ಕಂಬಕ್ಕೆ ಸರಪಳಿ ಹಾಕಿ ಕಟ್ಟಿದ. ಹೊಡೆಯಲಿಲ್ಲ, ಗದರಲಿಲ್ಲ. ಹೊತ್ತಿಗೆ ಸರಿಯಾಗಿ ಅನ್ನ ಹಾಕುತ್ತಿದ್ದ. ಆದರೆ ಅದರ ಜೊತೆ ಮಾತು ಬಿಟ್ಟ. ನಾನು ಹೋದಾಗ ನೋಡುತ್ತಿದ್ದೆ: ಇವನು ತಟ್ಟೆ ಇಟ್ಟು ತಿರುಗಿ ನಡೆಯುತ್ತಿದ್ದ, ಅದು ತಟ್ಟೆಯ ಕಡೆ ನೋಡದೆ ಇವನ ಬೆನ್ನು ನೋಡುತ್ತಿತ್ತು. ಬೇರೆ ನಾಯಿಯಾದರೆ ಸರಪಳಿ ಎಳೆದು ಬೊಗಳಿ ರಂಪ ಮಾಡುತ್ತಿತ್ತು. ಏರ್‌ಡೇಲ್ ಮೊದಲೆರಡು ದಿನ ಸರಪಳಿಯನ್ನು ಕಚ್ಚಿ ನೋಡಿ, ಅದು ಆಗುವ ಕೆಲಸವಲ್ಲ ಎಂದು ತಿಳಿದ ಮೇಲೆ ಬಿಟ್ಟುಬಿಟ್ಟಿತು. ಯೋಚನೆ ಮಾಡುವ ನಾಯಿಯ ಕಷ್ಟ ಇದೇ.

"ಅಣ್ಣಾ, ಬೀದರಕ್ಕ ತರ್ತೀನಿ, ನನ್ನ ಹತ್ರ ಇರ್ಲಿ ಇದೂ" ಎಂದೆ ಒಂದು ದಿನ.

"ಬ್ಯಾಡ. ನನ್ನ ಹತ್ರಾನೇ ಇರ್ಲಿ."

"ಇರ್ಲಿ ಅಂದ್ರ ಹಿಂಗ ಇಡ್ತಾರೇನು? ಅದು ನಿನ್ನೇ ನೋಡ್ಲತ್ತದ."

"ಅದಕ್ಕೇ" ಎಂದ. ಅದೇನು ಉತ್ತರ ಎಂದು ನನಗೆ ಆಗ ತಿಳಿಯಲಿಲ್ಲ.

ಬೇಸಿಗೆ ಬಂತು. ನಮ್ಮ ಕಡೆಯ ಬೇಸಿಗೆ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ, ತಗಡಿನ ಗೋದಾಮು ಬೇರೆ. ಏರ್‌ಡೇಲಿನ ಕೂದಲನ್ನು ತಿಂಗಳುಗಟ್ಟಲೆ ಯಾರೂ ಕಿತ್ತಿರಲಿಲ್ಲ, ಮೈಯೆಲ್ಲ ಜಡೆಗಟ್ಟಿತ್ತು. ನಾನು ರಜೆಯಲ್ಲಿ ಹೋಗಿ ಆ ಅಧಿಕಾರಿ ಕೊಟ್ಟ ಬಾಚಣಿಗೆ ಹಿಡಿದು ಕುಳಿತೆ. ಅದು ಒಂದೊಂದೇ ಕಾಲು ಎತ್ತಿ ಕೊಟ್ಟು ಸುಮ್ಮನೆ ನಿಂತಿತು. ಜಡೆಯ ಬುಡದಲ್ಲಿ ಉಣ್ಣಿಗಳು ಗುಂಪುಗುಂಪಾಗಿ ಇದ್ದವು. ಒಸಡು ಬಿಡಿಸಿ ನೋಡಿದೆ. ಬೆಳ್ಳಗೆ ಇತ್ತು.

ಭಾಲ್ಕಿಯ ಪಶುವೈದ್ಯರು ಉಣ್ಣಿ ಜ್ವರ ಎಂದರು. ಸೂಜಿ ಕೊಟ್ಟರು, ಸಲಾಯಿನ್ ಹಚ್ಚಿದರು. "ಜರಾ ಮೊದಲೇ ತರ್ಬೇಕಿತ್ರಿ" ಎಂದರು. ಅಣ್ಣ ಸರಪಳಿ ಬಿಚ್ಚಿ, ಅದನ್ನು ಮನೆಯೊಳಗೆ ಒಯ್ದು, ತಾನು ಮಲಗುವ ಕೋಣೆಯಲ್ಲಿ ಫ್ಯಾನಿನ ಕೆಳಗೆ ಹಾಸಿಗೆ ಹಾಕಿ ಮಲಗಿಸಿದ. ಚಮಚದಿಂದ ಮಜ್ಜಿಗೆ ಕುಡಿಸಿದ. ಆಗ ಅವನು ಮಾತಾಡತೊಡಗಿದ. ಎಷ್ಟೋ ತಿಂಗಳ ಮಾತನ್ನೆಲ್ಲ ಅದರ ಕಿವಿಯ ಹತ್ತಿರ ಬಗ್ಗಿ ಆಡುತ್ತಿದ್ದ. ನನಗೆ ಕೇಳಿಸಲಿಲ್ಲ, ಕೇಳಿಸಿಕೊಳ್ಳಲೂ ಹೋಗಲಿಲ್ಲ. ನಾಯಿ ಮೂಗಿನಿಂದ ರಕ್ತ ಸುರಿಸಿಕೊಂಡು ಮರುದಿನ ಮಧ್ಯಾಹ್ನ ಸತ್ತಿತು. ಸಾಯುವಾಗಲೂ ದನಿ ತೆಗೆಯಲಿಲ್ಲ.

ಸಂತಪುರದ ಹೊಲದಲ್ಲಿ, ಬಾವಿಯ ಆಚೆ ಬೇವಿನ ಗಿಡದ ಕೆಳಗೆ ಹೂತೆವು. ಕಾಕಾ ತಾವೇ ಗುದ್ದಲಿ ಹಿಡಿದರು. ನಾನು ಬೀಗಲ್ಲನ್ನು ಹಗ್ಗ ಹಾಕಿ ಕರೆದೊಯ್ದಿದ್ದೆ. ಮಣ್ಣು ಮುಚ್ಚುವಾಗ ಕೈ ಸಡಿಲಾಗಿ ಹಗ್ಗ ಜಾರಿತು. ಬರಿದಾದ ಹೊಲ, ಕೂಳೆಯ ನಡುವೆ ಎಲ್ಲೋ ಮೊಲದ ಜಾಡು ಸಿಕ್ಕಿರಬೇಕು, ಕೂಗುತ್ತ ಹೊರಟಿತು. ಹಳೆಯ ಹಾಗೆಯೇ ಹಳ್ಳದ ಕಡೆ ಹೋಗಿ, ಎಡಕ್ಕೆ ಹೊರಳಿ, ಬದುವಿನ ಕಡೆ ಬಂತು. ಮೊಲ ಬದು ದಾಟಿ ಹೋದದ್ದನ್ನು ನಾವೇ ನೋಡಿದೆವು. ಬೀಗಲ್ ಬದುವಿನ ಹತ್ತಿರ ಬಂದು ಜಾಡು ಬಿಟ್ಟು ನಿಂತಿತು. ಜಾಡು ಹಿಡಿದ ಮೇಲೆ ಅದು ತಾನಾಗಿ ನಿಂತದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಆ ಕಡೆ ಈ ಕಡೆ ನೋಡಿತು, ಕೊರಳೆತ್ತಿ ಮತ್ತೊಂದು ಸಲ ಕೂಗಿತು, ಕಾಯಿತು. ಯಾರೂ ಬರಲಿಲ್ಲ. ಮೊಲ ಆಗಲೇ ಕಣ್ಮರೆಯಾಗಿತ್ತು. ಕಾಕಿ ಹೋಗಿ ಅದರ ಹಗ್ಗ ಹಿಡಿದುಕೊಂಡು ಬಂದರು.

ಆ ವರ್ಷದಿಂದ ಹಂದಿಗಳು ಮತ್ತೆ ಬರತೊಡಗಿದವು. ಕಾಕಾ ಹೊಲದ ಸುತ್ತ ಹಳೆಯ ಸೀರೆ ಕಟ್ಟುತ್ತಾರೆ, ಪಟಾಕಿ ಹೊಡೆಯುತ್ತಾರೆ, ಉಳಿದಷ್ಟು ರಾಶಿ ಮಾಡುತ್ತಾರೆ. ಮತ್ತೊಂದು ನಾಯಿ ತರೋಣವೇ ಎಂದು ಯಾರೂ ಕೇಳಲಿಲ್ಲ.

ಬೀಗಲ್ ನನ್ನ ಜೊತೆ ಬೀದರದಲ್ಲಿದೆ. ವಯಸ್ಸಾಗಿದೆ, ಮೈ ಬಂದಿದೆ, ಒಂದು ಕಣ್ಣಿಗೆ ಪೊರೆ. ಮೂಗು ಮಾತ್ರ ಹಾಗೆಯೇ ಇದೆ. ಅದನ್ನು ಕಂಡರೆ ಎಲ್ಲರಿಗೂ ಪ್ರೀತಿ. ಹಾಲಿನವನಿಂದ ಹಿಡಿದು ಆಟೋದವರವರೆಗೆ ಎಲ್ಲರಿಗೂ ಅದು ಒಂದೇ ರೀತಿ ಬಾಲ ಆಡಿಸುತ್ತದೆ. ಆ ಮರಿಯನ್ನು ಹುಡುಕಿ ಕೊಟ್ಟದ್ದು ಅದೇ ಎಂದು ನನಗೆ ಒಮ್ಮೊಮ್ಮೆ ನೆನಪಾಗುತ್ತದೆ. ಶಿಕ್ಷೆಯಾದದ್ದು ಮಾತ್ರ ಇನ್ನೊಂದಕ್ಕೆ.

ಕಳೆದ ಮಳೆಗಾಲದಲ್ಲಿ ಅಣ್ಣ ಬಂದಿದ್ದ. ಈಗ ಗಾಡಿ ಇಲ್ಲ, ಬಸ್ಸಿಗೇ ಓಡಾಡುತ್ತಾನೆ. ಊಟವಾದ ಮೇಲೆ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕುಳಿತಿದ್ದ. ಬೀಗಲ್ ಅವನ ಕಾಲ ಹತ್ತಿರ ಮಲಗಿತ್ತು. ಹೊರಗೆ ಸೋನೆ ಮಳೆ. ಅವನು ನನ್ನ ಕಡೆ ನೋಡದೆ ಹೇಳಿದ:

"ಅವತ್ತ ನಾ ಕರೀಲಿಲ್ಲ."

ಯಾವತ್ತು ಎಂದು ನಾನು ಕೇಳಬೇಕಾಗಿರಲಿಲ್ಲ.

"ಆ ಜಿಂಕಿ ಓಡೂದು ನೋಡ್ದೆ. ಮರಿ ಅದ ಅಂತ ತಿಳೀತು. ಗಡ್ಡದಾಂವ ನನ್ನ ಮಾರಿ ನೋಡ್ದ ತಂಗಿ. ಹೋಗ್ಲಿ ಏನು ಅಂತ ಕೇಳ್ದಂಗ ನಿಂತು ನೋಡ್ದ. ಒಂದು ಮಾತು ಬ್ಯಾಡ ಅಂದಿದ್ರ ಅದು ನಿಲ್ತಿತ್ತು. ನನ್ನ ಬಾಯಿಂದ ಬರಲಿಲ್ಲ. ಈ ಭಜನಿ ಕೂಗ್ಲತ್ತಿತ್ತು. ಆ ಕೂಗು ಕೇಳೂವಾಗ ನನಗ ಯಾವುದೂ ನೆನಪು ಇರ್ತಿರಲಿಲ್ಲ. ಜರಾ ಹೊತ್ತು ಹಂಗೇ ಇರ್ಲಿ ಅನಸ್ತು. ಆಮ್ಯಾಗ ಓಡ್ದೆ. ಆಗ ಓಡಿ ಏನು?"

ಗೋದಾಮಿನಲ್ಲಿ ಆ ನಾಯಿಗೆ ಬೆನ್ನು ತಿರುಗಿಸಿ ನಡೆಯುತ್ತಿದ್ದವನು ಅದಕ್ಕೆ ಮುಖ ತೋರಿಸಲಾಗದೆ ಹಾಗೆ ನಡೆಯುತ್ತಿದ್ದ ಎಂದು ಈಗ ತಿಳಿಯಿತು. ಎದ್ದು ಹೋಗಿ ಚಹಾ ಮಾಡಿ ತಂದೆ. ಅವನು ಬಸಿಯಲ್ಲಿ ಹಾಕಿಕೊಂಡು ಆರಿಸಿ ಕುಡಿದ.

ಮಳೆ ನಿಂತ ಮೇಲೆ ಬಸ್ ನಿಲ್ದಾಣದವರೆಗೆ ನಡೆದುಕೊಂಡೇ ಹೋದೆವು. ಬೀಗಲ್ ಮುಂದೆ ಮುಂದೆ, ಹಸಿ ನೆಲವನ್ನು ಮೂಸುತ್ತ. ಭಾಲ್ಕಿಯ ಬಸ್ಸು ತುಂಬಿತ್ತು. ಅಣ್ಣ ಹತ್ತಿ, ಹಿಂದಿನ ಸೀಟಿನ ಹತ್ತಿರ ಕಂಬಿ ಹಿಡಿದು ನಿಂತ. "ಮುಟ್ಟಿದ ಮ್ಯಾಗ ಫೋನ್ ಮಾಡು ಅಣ್ಣಾ" ಎಂದೆ. ಹೂಂ ಎಂದು ತಲೆಯಾಡಿಸಿದ. ಬಸ್ಸು ಹೊರಟಿತು. ನಾನು ಹಗ್ಗವನ್ನು ಕೈಗೆ ಸುತ್ತಿಕೊಂಡು ಮನೆಯ ದಾರಿ ಹಿಡಿದೆ.